ಹದಿನಾಲ್ಕನೇ ಮೀಟರಿನ ನೀರು

ಮಂಗಳವಾರ, ಹನ್ನೆರಡನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದು, ನೀರು ಕುಡಿದು ಉಬ್ಬಿದ ಒಂದು ನೋಟ್‌ಬುಕ್ಕನ್ನು ಹೆಡ್ ಕಾನ್ಸ್‌ಟೇಬಲ್ಲರ ಮೇಜಿನ ಮೇಲಿಟ್ಟಳು. ತನ್ನ ತಂದೆ ಬರೆದ ಅಂಕಿಗಳನ್ನು ಯಾರೋ ತೆಗೆದುಹಾಕಿದ್ದಾರೆ, ದೂರು ಬರೆದುಕೊಳ್ಳಿ ಎಂದಳು.

ಹೆಡ್ ಕಾನ್ಸ್‌ಟೇಬಲ್ಲರಿಗೆ ಇಪ್ಪತ್ತೆಂಟು ವರ್ಷದ ಸರ್ವಿಸು. ಸೈಕಲ್ಲು, ಸರ, ಒಮ್ಮೆ ಚೌಕಟ್ಟಿನ ಸಮೇತ ಒಂದು ಬಾಗಿಲು ಕಳುವಾದ ದೂರನ್ನೂ ಅವರು ಬರೆದುಕೊಂಡಿದ್ದರು. ಅಂಕಿ ಕಳುವಾದದ್ದು ಇದೇ ಮೊದಲು.

“ಎಷ್ಟು ಅಂಕಿ ಹೋಗಿದೆಯಮ್ಮಾ?” ಎಂದರು, ಪಕ್ಕದ ಮೇಜಿನಲ್ಲಿದ್ದ ಮಹಿಳಾ ಕಾನ್ಸ್‌ಟೇಬಲ್ ಕಡೆಗೆ ಕಣ್ಣು ಮಿಟುಕಿಸಿ.

“ಎಪ್ಪತ್ತು.”

ಅವರ ನಗು ಅಲ್ಲಿಗೇ ನಿಂತಿತು. ಹೆಂಗಸಿನ ಮುಖವನ್ನು ಈಗ ಸರಿಯಾಗಿ ನೋಡಿದರು, ಗುರುತು ಸಿಕ್ಕಿತು. ಒಂಬತ್ತು ದಿನದ ಹಿಂದೆ, ಮೂರನೇ ತಾರೀಕು ಭಾನುವಾರ, ಅಣೆಕಟ್ಟೆಯ ಒಳಗೆ ಜಾರಿ ಬಿದ್ದು ಸತ್ತ ಅಳತೆಗಾರನ ಮಗಳು. ಆ ಮನುಷ್ಯನನ್ನು ಊರೆಲ್ಲ ಬಕೆಟ್ ತಾತ ಎಂದು ಕರೆಯುತ್ತಿತ್ತು. ಅಸಹಜ ಸಾವಿನ ವರದಿಯನ್ನೂ ಸ್ಥಳ ಪಂಚನಾಮೆಯನ್ನೂ ಬರೆದವರು ಇದೇ ಹೆಡ್ ಕಾನ್ಸ್‌ಟೇಬಲ್. ಅವರು ಎದ್ದು ಆಕೆಯನ್ನು ಇನ್ಸ್‌ಪೆಕ್ಟರರ ಕೋಣೆಗೆ ಕರೆದುಕೊಂಡು ಹೋದರು.

ಇನ್ಸ್‌ಪೆಕ್ಟರರ ಕಿಟಕಿಯಿಂದ ಅಣೆಕಟ್ಟೆ ಕಾಣುತ್ತದೆ. ಕಾಣುತ್ತದೆ ಎನ್ನುವುದಕ್ಕಿಂತ ಬೇರೇನೂ ಕಾಣುವುದಿಲ್ಲ ಎನ್ನಬೇಕು. ಠಾಣೆ, ಕ್ವಾರ್ಟರ್ಸು, ಆಸ್ಪತ್ರೆ, ನಾಲ್ಕು ಸಾವಿರ ಜನರ ಬಡಾವಣೆ ಎಲ್ಲವೂ ಆ ಬೂದು ಗೋಡೆಯ ಬುಡದಲ್ಲಿದ್ದವು. ಅವರು ಆ ಠಾಣೆಗೆ ಬಂದು ಎರಡು ವರ್ಷವಾಗಿತ್ತು. ಗೋಡೆಯನ್ನು ನೋಡಿ ನೋಡಿ, ಅದರ ಹಿಂದೆ ನೀರಿದೆ ಎನ್ನುವುದನ್ನೇ ಮರೆತಿದ್ದರು.

“ಏನು ಕೆಲಸ ಮಾಡ್ತೀರಿ?”

“ಆಸ್ಪತ್ರೆಯಲ್ಲಿ ನರ್ಸು.”

“ಇದು ನಿಮ್ಮ ತಂದೆಯವರ ಪುಸ್ತಕಾನಾ?”

“ಹೌದು. ಅವರ ಜೇಬಲ್ಲಿತ್ತು. ಹಾಳೆ ಬಿಡಿಸಿ ಒಣಗಿಸೋಕೆ ಇಷ್ಟು ದಿನ ಹಿಡೀತು.”

ಆಕೆ ಪುಟ ತಿರುಗಿಸಿ ತೋರಿಸಿದಳು. ಅಣೆಕಟ್ಟೆಯ ಗೋಡೆಯೊಳಗೆ ಗ್ಯಾಲರಿ ಎಂಬ ಸುರಂಗದಂಥ ದಾರಿಯಿದೆ. ಗೋಡೆಯಿಂದ ಜಿನುಗುವ ನೀರು ಇಪ್ಪತ್ತೊಂದು ಕೊಳವೆಗಳಲ್ಲಿ ಅಲ್ಲಿಗೆ ಇಳಿಯುತ್ತದೆ. ಪ್ರತಿ ಕೊಳವೆಗೂ ಒಂದು ಮೀಟರು. ಮೀಟರು ತಾನಾಗಿಯೇ ಕಚೇರಿಯ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ. ಅದು ಸರಿಯೋ ತಪ್ಪೋ ಎಂದು ಬಕೆಟ್ಟು ಹಿಡಿದು, ಗಡಿಯಾರ ನೋಡಿ ತಾಳೆ ಮಾಡುವುದು ಅಳತೆಗಾರನ ಕೆಲಸ. ಮೂವತ್ತೊಂದು ವರ್ಷ ಆತ ಮಾಡಿದ್ದು ಅದೊಂದೇ.

ಹದಿನಾಲ್ಕನೇ ಮೀಟರಿನ ಪುಟದಲ್ಲಿ ವರ್ಷಗಟ್ಟಲೆ ಆರು, ಆರು, ಏಳು, ಆರು. ನಿಮಿಷಕ್ಕೆ ಆರು ಲೀಟರು. ಹಿಂದಿನ ತಿಂಗಳ ಎಂಟನೇ ತಾರೀಕು ಒಂಬತ್ತು. ಒಂಬತ್ತನೇ ತಾರೀಕು ಹದಿನಾಲ್ಕು. ಆಮೇಲೆ ಇಪ್ಪತ್ತೆರಡು, ಮೂವತ್ತೊಂದು, ನಲವತ್ತನಾಲ್ಕು. ಹತ್ತನೇ ತಾರೀಕಿನಿಂದ ದಿನಕ್ಕೆ ಮೂರು ಮೂರು ಸಲ ಬರೆದಿತ್ತು. ಕೊನೆಯದು ಮೂರನೇ ತಾರೀಕಿನದು, ಒಂದೇ ಸಲ: ಐವತ್ತೆಂಟು.

“ಡ್ಯಾಮ್ ಆಫೀಸಿನ ಹೊರಗೆ ಪ್ರತಿ ವಾರ ಅಳತೆಯ ಪಟ್ಟಿ ಅಂಟಿಸ್ತಾರೆ. ಅಪ್ಪನ ಕೊನೇ ವಾರದ್ದು ನೋಡೋಣ ಅಂತ ನಿನ್ನೆ ಹೋದೆ. ಹದಿನಾಲ್ಕರ ಎದುರಿಗೆ ಬರೀ ಗೆರೆ. ನಾಲ್ಕು ವಾರದ ಪಟ್ಟೀಲೂ ಗೆರೆ. ಹತ್ತನೇ ತಾರೀಕಿಂದ ಎಪ್ಪತ್ತು ಸಲ ಅಳೆದಿದ್ದಾರೆ, ಒಂದೂ ಇಲ್ಲ.”

“ನಿಮಗೆ ಅವರು ಏನಾದ್ರೂ ಹೇಳಿದ್ರಾ?”

“ಆಫೀಸಿನ ಮೇಷ್ಟ್ರು ನೋಡ್ಕೊಳ್ತಾರೆ, ಮತ್ತೆ ಮತ್ತೆ ಅಳೆಯೋಕೆ ಚೀಟಿ ಕೊಡ್ತಿದ್ದಾರೆ ಅಂದ್ರು. ಅಷ್ಟೇ.” ಆಕೆ ಪುಸ್ತಕ ಮುಚ್ಚಿದಳು. “ಅಮ್ಮನ್ನ ಹಟ ಮಾಡಿ ಚಿಕ್ಕಮ್ಮನ ಮನೆಗೆ ಕಳಿಸಿದ್ರು. ಚಿಕ್ಕಮ್ಮನ ಮನೆ ಗುಡ್ಡದ ಮೇಲಿದೆ. ಕೊನೇ ಹತ್ತು ದಿನ ಅಪ್ಪ ಚಪ್ಪಲಿ ಬಿಚ್ಚದೇ ಮಲಗ್ತಿದ್ರು ಸಾರ್. ಕೇಳಿದ್ರೆ, ಕಾಲು ತಣ್ಣಗಾಗುತ್ತೆ ಅಂತಿದ್ರು.”

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನೋಡಬಾರದು ಎಂದುಕೊಂಡರು. ನೋಡಿದರು.

“ಮೀಟರ್ ಕೆಟ್ಟಿರಬಹುದಲ್ಲಾ,” ಎಂದರು. ಅವರಿಗೇ ಆ ಮಾತಿನಲ್ಲಿ ನಂಬಿಕೆ ಬರಲಿಲ್ಲ.

“ಬಕೆಟ್ ಕೆಡಲ್ಲ ಸಾರ್. ವಾರ್ಡಲ್ಲಿ ಇಪ್ಪತ್ತು ಜನಕ್ಕೆ ಜ್ವರ ಇಲ್ಲ, ಒಬ್ಬರಿಗೆ ನೂರನಾಲ್ಕು ಅಂದ್ರೆ ನಾವು ಅದನ್ನ ಚಾರ್ಟಿಂದ ಹೊಡೆದುಹಾಕಲ್ಲ. ಆ ಮಂಚದ ಹತ್ತಿರ ಹೋಗ್ತೀವಿ.”

ಆಕೆ ಹೋದ ಮೇಲೆ ಇನ್ಸ್‌ಪೆಕ್ಟರ್ ಹಳೆಯ ಕಡತ ತರಿಸಿದರು. ಸ್ಥಳ ಪಂಚನಾಮೆಯಲ್ಲಿ ‘ಮೆಟ್ಟಿಲುಗಳು ಒದ್ದೆಯಾಗಿರಬಹುದು’ ಎಂದಿತ್ತು.

“ಇರಬಹುದು ಅಂದ್ರೇನ್ರೀ? ನೀವು ನೋಡ್ಲಿಲ್ವಾ?”

ಹೆಡ್ ಕಾನ್ಸ್‌ಟೇಬಲ್ ನೆಲ ನೋಡಿದರು. “ದೇಹವನ್ನ ಆಗಲೇ ಮೇಲಿನ ಬಾಗಿಲಿಗೆ ತಂದಿದ್ರು ಸಾರ್. ನೂರಹನ್ನೆರಡು ಮೆಟ್ಟಿಲು. ನನ್ನ ಮೊಣಕಾಲು ನಿಮಗೇ ಗೊತ್ತು. ಬಾಗಿಲ ಹತ್ತಿರಾನೇ ಕೂತು ಬರೆದೆ.”

ಕೆಳಗೆ ಇನ್ಸ್‌ಪೆಕ್ಟರರದೇ ಸಹಿ ಇತ್ತು. ಓದದೇ ಹಾಕಿದ್ದು. ಬೈಯಲು ಬಾಯಿ ತೆರೆದವರು ಅದನ್ನು ನೋಡಿ ಮುಚ್ಚಿಕೊಂಡರು.

ಹನ್ನೊಂದೂ ಕಾಲಿಗೆ ಇಬ್ಬರೂ ಮಹಿಳಾ ಕಾನ್ಸ್‌ಟೇಬಲ್ ಜೊತೆ ಜೀಪಿನಲ್ಲಿ ಅಣೆಕಟ್ಟೆಯ ಕಚೇರಿ ತಲುಪಿದರು. ಹೊರಗಿನ ಹಲಗೆಯ ಮೇಲೆ ಪಟ್ಟಿಗಳಿದ್ದವು. ಮಹಿಳಾ ಕಾನ್ಸ್‌ಟೇಬಲ್ ಒಂದೊಂದನ್ನೂ ಫೋನಿನಲ್ಲಿ ಸೆರೆಹಿಡಿದಳು. ಆಕೆ ಕಂಪ್ಯೂಟರ್ ಡಿಪ್ಲೊಮಾ ಓದಿ, ಕೋಡ್ ಬರೆಯುವ ಕೆಲಸ ಹುಡುಕಿ ಸುಸ್ತಾಗಿ ಪೊಲೀಸಿಗೆ ಸೇರಿದವಳು. ಠಾಣೆಯಲ್ಲಿ ಪ್ರಿಂಟರ್ ಕೆಟ್ಟರೆ ಮಾತ್ರ ಆಕೆಯ ಡಿಪ್ಲೊಮಾ ಎಲ್ಲರಿಗೂ ನೆನಪಾಗುತ್ತಿತ್ತು.

“ಸಾರ್, ಇಲ್ಲಿ ನೋಡಿ. ಹೋದ ಶುಕ್ರವಾರದಿಂದ ಹದಿಮೂರು, ಹದಿನೈದಕ್ಕೂ ಗೆರೆ.”

ಒಳಗೆ ಇಬ್ಬರಿದ್ದರು. ಇಂಜಿನಿಯರರಿಗೆ ಪೊಲೀಸರು ಬಂದದ್ದೇ ಹಿಡಿಸಲಿಲ್ಲ. ಇನ್ನೊಬ್ಬರು ಅಂಕಿಗಳ ಕೆಲಸ ನೋಡುವ ತೆಳ್ಳಗಿನ, ಮೆಲುದನಿಯ ಮನುಷ್ಯ. ಇಡೀ ಕಚೇರಿಗೆ ಕಂಪ್ಯೂಟರ್ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಅವರ ಮೇಜಿನ ಮೇಲೆ ಆರು ಪೆನ್ಸಿಲುಗಳು ಒಂದೇ ಉದ್ದಕ್ಕೆ ಹೆರೆದು ಇಟ್ಟಿದ್ದವು.

“ಹದಿನಾಲ್ಕರ ಅಂಕಿ ಎಲ್ಲಿ?” ಇನ್ಸ್‌ಪೆಕ್ಟರ್ ಕೇಳಿದರು.

“ಮೇಷ್ಟ್ರೇ, ಹೇಳಿ ಇವರಿಗೆ,” ಎಂದರು ಇಂಜಿನಿಯರ್.

“ಇಪ್ಪತ್ತೊಂದು ಮೀಟರಿಂದ ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರುತ್ತೆ,” ಎಂದರು ಮೇಷ್ಟ್ರು. “ಅದರಲ್ಲಿ ಕಸಾನೂ ಬರುತ್ತೆ. ತಂತಿ ಸಡಿಲ ಆದ್ರೆ, ಕೊಳವೆಯಲ್ಲಿ ಇರುವೆ ಗೂಡು ಕಟ್ಟಿದ್ರೆ ಸುಳ್ಳು ಅಂಕಿ. ಅದನ್ನ ತೆಗೀದೆ ಸರಾಸರಿ ಹಾಕಿದ್ರೆ ಲೆಕ್ಕವೇ ಹಾಳು. ಅದಕ್ಕೊಂದು ಕೋಡ್ ಬರೆದಿದ್ದೀನಿ. ಎಲ್ಲ ವಿಜ್ಞಾನದವರೂ ಮಾಡೋ ಕೆಲಸಾನೇ.”

“ಸುಳ್ಳು ಅಂತ ಕೋಡಿಗೆ ಹೇಗೆ ಗೊತ್ತಾಗುತ್ತೆ?”

“ಉಳಿದವುಗಳಿಂದ ತುಂಬಾ ದೂರ ಇದ್ರೆ.”

“ತೆಗೆದದ್ದು ಎಲ್ಲಿಗೆ ಹೋಗುತ್ತೆ?” ಎಂದಳು ಕಾನ್ಸ್‌ಟೇಬಲ್.

ಮೇಷ್ಟ್ರು ಉತ್ತರಿಸುವ ಮೊದಲೇ ಇಂಜಿನಿಯರ್ ಬಾಯಿ ಹಾಕಿದರು. “ಕೆಂಪು ಪಟ್ಟಿ ಅಂತ ಇದೆ ಕಣಮ್ಮ. ಅನುಮಾನದ ಅಂಕಿ ಇದ್ರೆ ದಿನಾ ನನ್ನ ಟೇಬಲ್ಲಿಗೆ ಬರುತ್ತೆ. ಇಲ್ದಿದ್ರೆ ಬರಲ್ಲ. ಒಂದು ತಿಂಗಳಿಂದ ಬಂದಿಲ್ಲ. ಅಷ್ಟು ಶುದ್ಧವಾಗಿದೆ ನಮ್ಮ ಡ್ಯಾಮು.”

ಕಾನ್ಸ್‌ಟೇಬಲ್ ಇನ್ಸ್‌ಪೆಕ್ಟರರ ಮುಖ ನೋಡಿದಳು. ಅವರು ಟೋಪಿ ಹಾಕಿಕೊಂಡರು.

“ಸಾವಿನ ಸ್ಥಳ ನೋಡಬೇಕು. ಕಡತ ಇನ್ನೂ ಮುಚ್ಚಿಲ್ಲ. ನೀವೂ ಬನ್ನಿ ಇಂಜಿನಿಯರ್ ಸಾಹೇಬ್ರೇ.”

“ಈಗಲಾ? ನಾನೇ ಇಳಿದು ಎರಡು ತಿಂಗಳಾಯ್ತು.”

“ಹಾಗಾದ್ರೆ ನಿಮಗೂ ಹೊಸದು.”

ಗ್ಯಾಲರಿಯ ಬಾಗಿಲಿಗೆ ನಡೆಯುವಾಗ ಕಾನ್ಸ್‌ಟೇಬಲ್ ಮೆಲ್ಲಗೆ ಹೇಳಿದಳು: “ಸಾರ್, ಆ ಥರದ ಕೋಡ್ ನಾನು ಓದಿದ್ದೀನಿ. ದೂರ ಇರೋದನ್ನ ತೆಗೆದ ಮೇಲೆ ಉಳಿದವುಗಳ ಸರಾಸರಿ ಮತ್ತೆ ಹಾಕುತ್ತೆ. ಆಗ ‘ದೂರ’ ಅನ್ನೋದೇ ಇನ್ನೂ ಹತ್ತಿರ ಬರುತ್ತೆ. ಪಕ್ಕದವು ಸ್ವಲ್ಪ ಏರಿದ್ರೂ ಅವೂ ಆಚೆ. ಹೀಗೇ ಬಿಟ್ರೆ ಗೋಡೆ ಬೀಳೋ ದಿನಾನೂ ಪಟ್ಟೀಲಿ ಆರು ಅಂತಲೇ ಇರುತ್ತೆ.”

ಒಂದು ವಿಷಯ ಇಲ್ಲಿ ಹೇಳಬೇಕು. ಈ ಇನ್ಸ್‌ಪೆಕ್ಟರ್ ಲಿಫ್ಟ್ ಹತ್ತುವುದಿಲ್ಲ. ಕೋರ್ಟಿನ ಐದನೇ ಮಹಡಿಗೂ ಮೆಟ್ಟಿಲೇರಿ, ಏದುಸಿರು ಬಿಡುತ್ತ ಸಾಕ್ಷಿ ಹೇಳುತ್ತಾರೆ. ವ್ಯಾಯಾಮ ಎಂದು ಹೇಳಿಕೊಳ್ಳುತ್ತಾರೆ, ಠಾಣೆಯಲ್ಲಿ ಯಾರೂ ನಂಬಿಲ್ಲ. ಕಬ್ಬಿಣದ ಬಾಗಿಲು ತೆರೆದು ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಅವರ ಅಂಗೈ ಬೆವೆತಿತು.

“ನೀವು ಇಲ್ಲೇ ಇರಿ,” ಎಂದರು ಹೆಡ್ ಕಾನ್ಸ್‌ಟೇಬಲ್ಲರಿಗೆ. “ಮೊಣಕಾಲು.”

“ಇಲ್ಲ ಸಾರ್. ಈ ಸಲ ಇಳೀತೀನಿ.”

ಕಾನ್ಸ್‌ಟೇಬಲ್ಲನ್ನು ಕಚೇರಿಯ ಮೇಲೆ ಕಣ್ಣಿಡಲು ವಾಪಸು ಕಳಿಸಿ ಮೂವರು ಇಳಿದರು. ನೂರಹನ್ನೆರಡು ಮೆಟ್ಟಿಲು. ಕೆಳಗೆ ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ದಾರಿ, ಹತ್ತು ಹೆಜ್ಜೆಗೊಂದು ಮಂಕು ದೀಪ. ಎಡಗಡೆಯ ಗೋಡೆಯ ಆಚೆ ನೀರು. ಇನ್ಸ್‌ಪೆಕ್ಟರ್ ಆ ಗೋಡೆಗೆ ಭುಜ ತಾಗದಂತೆ ನಡೆದರು, ತಾಗಿದರೆ ಅದಕ್ಕೆ ನೋವಾಗುತ್ತದೆ ಎಂಬಂತೆ.

“ಇಲ್ಲಿ ನೀರು ನಮ್ಮ ತಲೆ ಮೇಲೆ ಎಷ್ಟು ಎತ್ತರ ಇದೆ?”

“ನಲವತ್ತು ಮೀಟರು,” ಎಂದರು ಇಂಜಿನಿಯರ್.

ಕೇಳಬಾರದಿತ್ತು ಎನಿಸಿತು. ಹೆದರಿಕೆಗೆ ಲೆಕ್ಕ ಸಿಕ್ಕಿದರೆ ಅದು ಕಡಿಮೆಯಾಗುವುದಿಲ್ಲ.

ಒಂದು, ಎರಡು, ಮೂರು. ಪ್ರತಿ ಕೊಳವೆಯಿಂದಲೂ ಸಣ್ಣ ಧಾರೆ, ತೊಟ್ಟಿಕ್ಕುವ ಸದ್ದು. ಹತ್ತರವರೆಗೂ ಹಾಗೇ. ಹನ್ನೊಂದರ ಹತ್ತಿರ ಇಂಜಿನಿಯರ್ ನಿಂತರು. ಮುಂದಿನಿಂದ ಬೇರೊಂದು ಸದ್ದು ಬರುತ್ತಿತ್ತು. ತೊಟ್ಟಿಕ್ಕುವುದಲ್ಲ, ಸುರಿಯುವುದು.

“ಪಂಪ್ ಏನಾದ್ರೂ ಓಡ್ತಿದೆಯಾ?”

ಇಂಜಿನಿಯರ್ ಹೆಜ್ಜೆ ಚುರುಕು ಮಾಡಿದರು. ಹನ್ನೆರಡರ ಆಚೆ ಮೂರು ಮೆಟ್ಟಿಲು ಕೆಳಗಿಳಿಯುತ್ತಿದ್ದವು, ಆ ಮೆಟ್ಟಿಲ ಮೇಲೆಲ್ಲ ಬಿಳಿಯ ಲೋಳೆ. ಅಲ್ಲಿಂದ ಮುಂದೆ ನೀರು ಮೊಣಕಾಲಿನವರೆಗೆ ಬಂತು. ಹೆಡ್ ಕಾನ್ಸ್‌ಟೇಬಲ್ ಗೋಡೆ ಹಿಡಿದು ಹಿಡಿದು ಇಳಿದರು.

ಹದಿನಾಲ್ಕನೇ ಕೊಳವೆಯಿಂದ ನೀರು ಕೆಳಗೆ ಬೀಳುತ್ತಿರಲಿಲ್ಲ, ಎದುರಿನ ಗೋಡೆಗೆ ಚಿಮ್ಮುತ್ತಿತ್ತು. ಸುಣ್ಣ ಕದಡಿದ ಬಣ್ಣ. ಮೊಳೆಯಲ್ಲಿ ಬಕೆಟ್ ತಾತನ ಬಕೆಟ್ಟು ಇನ್ನೂ ನೇತಾಡುತ್ತಿತ್ತು, ಹತ್ತು ಲೀಟರಿಗೆ ಕಪ್ಪು ಗೆರೆ.

“ಹಿಡೀರಿ,” ಎಂದರು ಇನ್ಸ್‌ಪೆಕ್ಟರ್, ಕೈಗಡಿಯಾರ ಬಿಚ್ಚಿ ದೀಪಕ್ಕೆ ಒಡ್ಡುತ್ತ.

ಹೆಡ್ ಕಾನ್ಸ್‌ಟೇಬಲ್ ಹಿಡಿದರು. ಆರು ಸೆಕೆಂಡಿಗೆ ಗೆರೆ ಮುಟ್ಟಿತು.

“ಇನ್ನೊಂದ್ಸಲ.”

ಆರು ಸೆಕೆಂಡು.

“ಸಾಕು,” ಎಂದರು ಇಂಜಿನಿಯರ್. ಅವರ ದನಿ ಬೇರೆ ಯಾರದೋ ಆಗಿತ್ತು. “ನಿಮಿಷಕ್ಕೆ ನೂರು ಲೀಟರು. ಗೋಡೆಯೊಳಗಿನ ಸುಣ್ಣ ಕೊಚ್ಕೊಂಡು ಬರ್ತಿದೆ. ಇವತ್ತು ಬೆಳಿಗ್ಗೆ ನನ್ನ ಕಂಪ್ಯೂಟರಲ್ಲಿ ಈ ಗ್ಯಾಲರಿಯ ಸರಾಸರಿ ಆರು ಇತ್ತು.”

ಬಕೆಟ್ಟು ಮೊಳೆಗೆ ಸಿಕ್ಕಿಸುವಾಗ ಹೆಡ್ ಕಾನ್ಸ್‌ಟೇಬಲ್ಲರ ಕಾಲಿಗೆ ನೀರಿನೊಳಗೆ ಏನೋ ತಾಗಿತು. ಬಗ್ಗಿ ಎತ್ತಿದರು. ಬಲಗಾಲಿನ ಒಂದು ಚಪ್ಪಲಿ. ಅವರು ಅದನ್ನು ಕೈಯಲ್ಲೇ ಹಿಡಿದು ನಿಂತರು. ವರದಿಯಲ್ಲಿ ತಾವೇ ಬರೆದಿದ್ದರು, ಮೃತನ ಎಡಗಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು ಎಂದು. ಇನ್ನೊಂದು ಎಲ್ಲಿ ಎಂದು ಕೇಳಲು ಅವರಿಗೆ ಹೊಳೆದಿರಲಿಲ್ಲ. ಒಂಬತ್ತು ದಿನ ಮೊದಲೇ ಇಳಿದಿದ್ದರೆ, ಈ ಸದ್ದು ಒಂಬತ್ತು ದಿನ ಮೊದಲೇ ಕೇಳುತ್ತಿತ್ತು.

ಹನ್ನೆರಡು ಐವತ್ತಕ್ಕೆ ಮೇಲೆ ಬಂದರು. ಇಂಜಿನಿಯರ್ ಯಾರ ಅಪ್ಪಣೆಗೂ ಕಾಯದೆ ಎಲ್ಲ ಗೇಟುಗಳನ್ನೂ ಎತ್ತಲು ಹೇಳಿದರು. ಆ ಹೊತ್ತಿನಿಂದ ಆ ಮನುಷ್ಯ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ, ಅದನ್ನು ಒಪ್ಪಬೇಕು.

“ನೀರು ಎರಡು ಮೀಟರ್ ಇಳಿಯೋಕೆ ನಾಳೆ ಬೆಳಿಗ್ಗೆ ಆಗುತ್ತೆ. ಅಲ್ಲಿವರೆಗೂ ಗೋಡೆ ತಡೆಯುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಸೈರನ್ ಹೊಡೀಲಾ?”

ಇನ್ಸ್‌ಪೆಕ್ಟರ್ ಉತ್ತರಿಸುವ ಮೊದಲೇ ಹೆಡ್ ಕಾನ್ಸ್‌ಟೇಬಲ್ ಅವರ ತೋಳು ಹಿಡಿದರು. ಅಷ್ಟು ವರ್ಷದಲ್ಲಿ ಅವರು ಮೇಲಧಿಕಾರಿಯ ಮೈ ಮುಟ್ಟಿದ್ದು ಅದೇ ಮೊದಲು.

“ಸೈರನ್ ಬೇಡ ಸಾರ್. ಹದಿನಾರು ವರ್ಷದ ಹಿಂದೆ ಹೊಡೆದಿದ್ರು. ಯಾವುದೋ ಮೀಟರ್ ಕೆಟ್ಟಿತ್ತಂತೆ. ನಡುಮಧ್ಯಾಹ್ನ ಜನ ಎಲ್ಲ ಒಟ್ಟಿಗೆ ಹಳೇ ಕಾಲುಸೇತುವೆಗೆ ನುಗ್ಗಿದ್ರು. ಹನ್ನೊಂದು ಜನ ತುಳಿತಕ್ಕೆ ಹೋದ್ರು. ನಾನೇ ಸಾಲಾಗಿ ಮಲಗಿಸಿದ್ದು. ನೀರು ಒಂದು ತೊಟ್ಟೂ ಬರ್ಲಿಲ್ಲ.”

ಇನ್ಸ್‌ಪೆಕ್ಟರ್ ಕೆಳಗೆ ಬಡಾವಣೆಯನ್ನು ನೋಡಿದರು. ತಂತಿಗಳ ಮೇಲೆ ಬಟ್ಟೆ ಒಣಗುತ್ತಿದ್ದವು. ಶಾಲೆಯಲ್ಲಿ ಊಟದ ಗಂಟೆ ಹೊಡೆಯಿತು. ಹೇಳದಿದ್ದರೆ ನೀರು, ಹೇಳಿದರೆ ಸೇತುವೆ. ತಾನು ತಪ್ಪಿದರೆ ಯಾರ್ಯಾರ ಮನೆಯ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ ಎಂದು ಯೋಚಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟರು.

“ಬೀದಿ ಬೀದಿಯಾಗಿ ಖಾಲಿ ಮಾಡಿಸೋಣ. ಮೊದಲು ಶಾಲೆ, ಆಸ್ಪತ್ರೆ. ಬಸ್ ಡಿಪೋಗೆ ಫೋನ್ ಮಾಡಿ. ಎಲ್ಲರೂ ದೊಡ್ಡ ರಸ್ತೇಲೇ ಹೋಗ್ಬೇಕು, ನಡ್ಕೊಂಡು. ಕಾಲುಸೇತುವೆ ಮೊದಲು ಬಂದ್ ಮಾಡ್ಸಿ. ನಿಮ್ಮ ಮನೆ ಎಲ್ಲಿದೆ?”

“ಮೂರನೇ ಲೈನು,” ಎಂದರು ಹೆಡ್ ಕಾನ್ಸ್‌ಟೇಬಲ್. “ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಸರದಿ ಬಂದಾಗ ಎತ್ಕೊಂಡು ಬರ್ತೀನಿ ಬಿಡಿ.”

ಇತ್ತ ಕಚೇರಿಗೆ ವಾಪಸು ಬಂದ ಕಾನ್ಸ್‌ಟೇಬಲ್ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಮೇಷ್ಟ್ರ ಕುರ್ಚಿ ಖಾಲಿ. ಕೋಣೆಯಲ್ಲಿ ಯಾರೂ ಇರಲಿಲ್ಲ, ಪ್ರಿಂಟರ್ ಮಾತ್ರ ಓಡುತ್ತಿತ್ತು. ಹಾಳೆ ಮೇಲೆ ಹಾಳೆ, ಟ್ರೇ ತುಂಬಿ ನೆಲದ ಮೇಲೆ ಬೀಳುತ್ತಿದ್ದವು. ಎಲ್ಲದರಲ್ಲೂ ಕೆಂಪು ಸಾಲು. ಹದಿನಾಲ್ಕು. ಹದಿನಾಲ್ಕು. ಹದಿನಾಲ್ಕು. ಆಕೆಗೆ ಅದನ್ನು ನಿಲ್ಲಿಸಲು ಕೈ ಬರಲಿಲ್ಲ.

ಕಚೇರಿಯ ಇಬ್ಬರು ಸಿಬ್ಬಂದಿಯನ್ನು ಪಂಚರಾಗಿ ಕೂರಿಸಿಕೊಂಡು ಒಂದೂ ಹತ್ತಕ್ಕೆ ಜಪ್ತಿ ಪಂಚನಾಮೆ ಶುರು ಮಾಡಿದಳು. ಕೋಡಿನಲ್ಲಿ ಯಾವಾಗ ಯಾವ ಸಾಲು ಬದಲಾಯಿತು ಎಂಬ ದಾಖಲೆ ಕಂಪ್ಯೂಟರಿನಲ್ಲೇ ಇತ್ತು. ಹಿಂದಿನ ತಿಂಗಳ ಒಂಬತ್ತು, ಗುರುವಾರ, ಸಂಜೆ ನಾಲ್ಕು ಹನ್ನೆರಡು: ತೆಗೆದ ಅಂಕಿಯನ್ನು ಕೆಂಪು ಪಟ್ಟಿಗೆ ಕಳಿಸುವ ಸಾಲನ್ನು ಅಳಿಸಲಾಗಿದೆ. ಇವತ್ತು, ಹನ್ನೆರಡು ಹದಿನಾಲ್ಕು: ಅದೇ ಸಾಲನ್ನು ಮತ್ತೆ ಸೇರಿಸಲಾಗಿದೆ. ಎರಡೂ ಕಚೇರಿಯಲ್ಲಿ ಹಂಚಿಕೊಂಡು ಬಳಸುವ ಒಂದೇ ಪಾಸ್‌ವರ್ಡಿನಿಂದ.

“ಈ ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಮೂರು ಜನಕ್ಕೆ,” ಎಂದ ಒಬ್ಬ ಪಂಚ. “ಇಂಜಿನಿಯರ್ ಸಾಹೇಬ್ರು, ಮೇಷ್ಟ್ರು, ತಾತ.”

ಹಾಜರಿ ಪುಸ್ತಕ ತರಿಸಿದಳು. ಒಂಬತ್ತರಂದು ಇಂಜಿನಿಯರ್ ಬೇರೆ ಊರಿನ ಸಭೆಯಲ್ಲಿದ್ದರು. ತಾತನ ನೋಟ್‌ಬುಕ್ಕಿನ ಚಿತ್ರವನ್ನು ಆಕೆ ಬೆಳಿಗ್ಗೆಯೇ ಫೋನಿನಲ್ಲಿ ತೆಗೆದಿದ್ದಳು: ಒಂಬತ್ತನೇ ತಾರೀಕು ನಾಲ್ಕು ಹತ್ತಕ್ಕೆ ಆತ ಹದಿನಾರನೇ ಮೀಟರಿನ ಹತ್ತಿರ ಇದ್ದ. ಅಲ್ಲಿಂದ ಮೇಲೆ ಬರಲು ಇಪ್ಪತ್ತು ನಿಮಿಷ ಬೇಕು. ಉಳಿದವರು ಒಬ್ಬರೇ.

ಅಷ್ಟರಲ್ಲಿ ‘ಹದಿನಾಲ್ಕು’ ಎಂಬ ಹೆಸರಿನ ಇನ್ನೊಂದು ಕಡತ ಕಣ್ಣಿಗೆ ಬಿತ್ತು. ತೆಗೆದ ಅಂಕಿಗಳನ್ನು ಮೇಷ್ಟ್ರು ಎಸೆದಿರಲಿಲ್ಲ. ಒಂದನ್ನೂ ಬಿಡದೆ ಕೂಡಿಟ್ಟಿದ್ದರು, ಪ್ರತಿದಿನದ ಎದುರಿಗೂ ಒಂದು ಷರಾ. ಹದಿನಾಲ್ಕು ಲೀಟರು: ಬಹುಶಃ ಇರುವೆ. ಹತ್ತೊಂಬತ್ತು: ಬಹುಶಃ ತಂತಿ. ಮೂವತ್ತೊಂದು: ಬಹುಶಃ ತಾತನ ಕಣ್ಣು ಮಂಜಾಗಿದೆ. ನಲವತ್ತನಾಲ್ಕು: ಬಹುಶಃ ಬಕೆಟ್ಟಿನ ಗೆರೆ ತಪ್ಪು. ಮೂರನೇ ತಾರೀಕು, ಬೆಳಿಗ್ಗೆ ಏಳು ನಲವತ್ತು, ಐವತ್ತೆಂಟು: ‘ಹೌದು, ನೀರು.’ ಆಮೇಲಿನ ಒಂಬತ್ತು ದಿನಕ್ಕೆ ಅಂಕಿಗಳಿದ್ದವು, ಷರಾ ಇರಲಿಲ್ಲ.

ಆಕೆ ಇನ್ಸ್‌ಪೆಕ್ಟರರಿಗೆ ಫೋನ್ ಮಾಡಿದಾಗ ಅವರು ಶಾಲೆಯ ಮುಂದಿದ್ದರು.

“ಎಲ್ಲಿ ಹೋಗಿರಬಹುದು ಅಂತ ಕೇಳು ಅವರನ್ನ.”

ಪಂಚ ತಲೆ ಕೆರೆದುಕೊಂಡ. “ಮನೆಗೆ ಹೋಗಿದ್ರೆ ದೊಡ್ಡ ರಸ್ತೇಲೇ ಸಿಗ್ತಾರೆ ಮೇಡಂ. ಕಾಲುಸೇತುವೆ ದಾಟಿದ್ರೆ ಐದು ನಿಮಿಷ. ಆದ್ರೂ ಇವರು ದಿನಾ ಅರ್ಧ ಗಂಟೆ ಸುತ್ತಿ ಬರ್ತಾರೆ. ವಾಕಿಂಗ್ ಅಂತ ನಾವು ತಮಾಷೆ ಮಾಡ್ತಿದ್ವಿ.”

ಹನ್ನೊಂದು ಜನ ಸತ್ತ ಸೇತುವೆ ಅದು ಎಂದು ಆಕೆಗೂ ಗೊತ್ತಿತ್ತು. ಆಕೆ ದೊಡ್ಡ ರಸ್ತೆಗೆ ಹೋಗಲಿಲ್ಲ.

ಕಾಲುಸೇತುವೆ ಬಂದ್ ಮಾಡಲು ಕಳಿಸಿದ ಪೇದೆಗಳು ಅಲ್ಲಿಗೆ ತಲುಪುವ ಮೊದಲೇ ಅದು ಬಂದ್ ಆಗಿತ್ತು. ಎರಡು ಕಂಬಗಳಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಹಗ್ಗದ ಮುಂದೆ ಕೈ ಅಗಲಿಸಿ ಮೇಷ್ಟ್ರು ನಿಂತಿದ್ದರು. ಆ ಮೆಲುದನಿಯ ಮನುಷ್ಯನಿಗೆ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

“ಈ ಕಡೆ ಬೇಡ ತಾಯಿ. ದೊಡ್ಡ ರಸ್ತೆಗೆ ಹೋಗಿ. ಓಡಬೇಡಿ. ಟೈಮಿದೆ, ಓಡಬೇಡಿ.”

ಟೈಮಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಜನರ ಮುಖದಲ್ಲಿ ಹೆದರಿಕೆ ಇತ್ತು, ಎಲ್ಲರೂ ತಿರುತಿರುಗಿ ಗೋಡೆಯನ್ನೇ ನೋಡುತ್ತಿದ್ದರು. ಗೇಟುಗಳಿಂದ ಬಿದ್ದ ನೀರು ನದಿಯಲ್ಲಿ ಕೆಂಪಗೆ ಏರಿ ಸೇತುವೆಯ ಕಾಲುಗಳಿಗೆ ಬಡಿಯುತ್ತಿತ್ತು. ಒಬ್ಬ ಗಂಡಸು ಹಗ್ಗ ಎಗರಲು ನೋಡಿದ. ಮೇಷ್ಟ್ರು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಕಾನ್ಸ್‌ಟೇಬಲ್ ನಡುವೆ ಬಂದು ಆ ಗಂಡಸನ್ನು ದೊಡ್ಡ ರಸ್ತೆಗೆ ತಿರುಗಿಸಿದಳು, ಆಮೇಲೆ ತಾನೂ ಹಗ್ಗದ ಮುಂದೆ ನಿಂತಳು. ಬಂಧಿಸಲು ಬಂದವಳು ಆರೋಪಿಯ ಪಕ್ಕದಲ್ಲಿ ನಾಲ್ಕು ಗಂಟೆ ಜನರನ್ನು ತಿರುಗಿಸುತ್ತ ನಿಂತದ್ದು ಯಾವ ನಿಯಮದಲ್ಲೂ ಇಲ್ಲ.

ಐದೂ ಮೂವತ್ತೈದಕ್ಕೆ ಕೊನೆಯ ಬಸ್ಸು ಹೋಯಿತು. ಹೆಡ್ ಕಾನ್ಸ್‌ಟೇಬಲ್ಲರ ತಾಯಿ ಅದರ ಹಿಂದಿನ ಸೀಟಿನಲ್ಲಿದ್ದಳು, ತನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ ಎಂದು ಎಲ್ಲರನ್ನೂ ಬೈಯುತ್ತ.

“ಮೇಷ್ಟ್ರೇ, ಬನ್ನಿ,” ಎಂದಳು ಕಾನ್ಸ್‌ಟೇಬಲ್.

ಅವರು ಎರಡೂ ಕೈ ಮುಂದೆ ಚಾಚಿದರು. ಹಗ್ಗ ಎಳೆದೂ ಎಳೆದೂ ಅಂಗೈ ಸುಲಿದಿತ್ತು.

“ಯಾರಾದ್ರೂ ಬಿದ್ರಾ?”

“ಇಲ್ಲ. ಯಾರೂ ಬೀಳ್ಲಿಲ್ಲ.”

ಅವರು ಅಲ್ಲೇ ರಸ್ತೆಯ ಮೇಲೆ ಕೂತು ಅತ್ತರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಹೇಳಿಕೆ ಪಡೆಯಲಾಯಿತು. ಠಾಣೆ ಆಗ ಗುಡ್ಡದ ಮೇಲಿನ ಶಾಲೆಯ ಒಂದು ಕೋಣೆಯಲ್ಲಿತ್ತು. ನೀರು ಎರಡು ಮೀಟರಿಗೂ ಹೆಚ್ಚು ಇಳಿದಿತ್ತು, ಹದಿನಾಲ್ಕರ ಧಾರೆ ಅರವತ್ತಕ್ಕೆ ಬಂದಿತ್ತು. ಕರ್ತವ್ಯಲೋಪದಿಂದ ಸಾವು, ದಾಖಲೆ ಮರೆಮಾಚಿದ್ದು, ಸಾರ್ವಜನಿಕರ ಜೀವಕ್ಕೆ ಅಪಾಯ ತಂದದ್ದು ಎಂದು ಎಫ್ಐಆರ್ ದಾಖಲಾಗಿತ್ತು. ಮೇಷ್ಟ್ರು ಮಕ್ಕಳ ಬೆಂಚಿನ ಮೇಲೆ ಮಂಡಿ ಎತ್ತಿ ಕೂತಿದ್ದರು.

“ಒಂಬತ್ತನೇ ತಾರೀಕು ಕೆಂಪು ಪಟ್ಟಿ ನಿಲ್ಲಿಸಿದ್ದು ನೀವಾ?”

“ನಾನೇ.”

“ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಪಟ್ಟಿ ಹೋದ್ರೆ ಸಾಹೇಬ್ರು ಸೈರನ್ ಹೊಡೆಸ್ತಾರೆ.”

“ಹದಿನಾರು ವರ್ಷದ ಹಿಂದೆ ಹೊಡೆದಿದ್ದು ಯಾರು?”

ಮೇಷ್ಟ್ರು ತಮ್ಮ ಅಂಗೈ ನೋಡಿಕೊಂಡರು. “ನಾನೇ. ಆಗ ನಾನು ಸೇರಿ ಎರಡು ತಿಂಗಳು. ಒಂದು ಮೀಟರ್ ಒಂದೇ ಸಲಕ್ಕೆ ತೊಂಬತ್ತು ತೋರಿಸ್ತು. ಬಟನ್ ಒತ್ತಿ ಮನೆಗೆ ಓಡ್ದೆ. ಅಕ್ಕನ್ನ ಕರ್ಕೊಂಡು ಸೇತುವೆ ಮೇಲೆ ಬಂದೆ. ನನ್ನನ್ನ ಸಾಕಿದವಳು ಅವಳೇ. ಕೈ ಹಿಡ್ಕೊಂಡಿದ್ಲು. ಮಧ್ಯದಲ್ಲಿ ಕೈ ತಪ್ಪಿತು. ಬಿಟ್ಟಿದ್ದು ಅವಳಾ ನಾನಾ ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನ ಆ ಮೀಟರ್ ಬಿಚ್ಚಿ ನೋಡಿದ್ರೆ ಒಳಗೆ ಇರುವೆ ಗೂಡು.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ಲರ ಪೆನ್ನು ನಿಂತಿತು. ಸಾಲಾಗಿ ಮಲಗಿಸಿದ ಹನ್ನೊಂದರಲ್ಲಿ ಅದು ಯಾವ ಹೆಂಗಸಿರಬಹುದು ಎಂದು ಅವರು ನೆನೆಯುತ್ತಿದ್ದರು.

ಇನ್ಸ್‌ಪೆಕ್ಟರ್ ಒಂದು ಸಣ್ಣ ಚೀಟಿಯನ್ನು ಬೆಂಚಿನ ಮೇಲಿಟ್ಟರು. ತಾತನ ನೋಟ್‌ಬುಕ್ಕಿನ ಒದ್ದೆ ಹಾಳೆಗಳ ನಡುವೆ ಸಿಕ್ಕಿದ್ದು. ‘ಹದಿನಾಲ್ಕನೇ ಮೀಟರ್, ಮರು ಅಳತೆ ಮಾಡುವುದು.’ ಮೂರನೇ ತಾರೀಕು, ಬೆಳಿಗ್ಗೆ ಎಂಟು ಐದು.

“ಸಹಿ ನಿಮ್ಮದಾ?”

“ಹೌದು.”

“ಏಳು ನಲವತ್ತಕ್ಕೆ ‘ಹೌದು, ನೀರು’ ಅಂತ ನೀವೇ ಬರೆದಿದ್ದೀರಿ. ನಂಬಿದ ಮೇಲೂ ಎಂಟೂ ಐದಕ್ಕೆ ಅವರನ್ನ ಮತ್ತೆ ಯಾಕೆ ಕೆಳಗೆ ಕಳಿಸಿದ್ರಿ?”

ಹೊರಗೆ ಜನ ಚಹಾಕ್ಕೆ ಸಾಲು ನಿಂತು ಗಲಾಟೆ ಮಾಡುತ್ತಿದ್ದರು. ಏನೂ ಆಗಲೇ ಇಲ್ಲವಲ್ಲ, ಸುಮ್ಮನೆ ಮನೆ ಬಿಡಿಸಿದರು ಎಂದು ಯಾರೋ ಗೊಣಗುತ್ತಿದ್ದರು. ಮೇಷ್ಟ್ರು ಅದನ್ನೇ ಕೇಳಿಸಿಕೊಳ್ಳುತ್ತಿರುವಂತೆ ಕೂತಿದ್ದರು.

“ಇನ್ನೊಂದ್ಸಲ ಅಳೆದ್ರೆ ಕಡಿಮೆ ಬರಬಹುದು ಅಂತ,” ಎಂದರು ಕೊನೆಗೆ.

ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಹೀಗೆ ಬರೆದರು: ‘ಆರೋಪಿಗೆ ಸ್ವಂತ ಲಾಭದ ಉದ್ದೇಶ ಇದ್ದಂತೆ ಕಂಡುಬರುವುದಿಲ್ಲ. ಆರೋಪಿಯು ನೀರಿಗಿಂತ ಸೈರನ್ನಿಗೆ ಹೆಚ್ಚು ಹೆದರಿದ್ದನು.’ ಅದರ ಕೆಳಗೆ, ಮೂರನೇ ತಾರೀಕಿನ ಸ್ಥಳ ಪಂಚನಾಮೆಯನ್ನು ಸ್ಥಳ ನೋಡದೆ ಬರೆಯಲಾಗಿತ್ತು, ತಾನು ಓದದೆ ಸಹಿ ಮಾಡಿದ್ದೆ ಎಂಬುದನ್ನೂ ಬರೆದು ಮೇಲಿನ ಕಚೇರಿಗೆ ಕಳಿಸಿದರು. ಬರೆಯಬೇಡಿ ಎಂದು ಹೆಡ್ ಕಾನ್ಸ್‌ಟೇಬಲ್ ಹೇಳಲಿಲ್ಲ.

ಮಧ್ಯಾಹ್ನ ಅಳತೆಗಾರನ ಮಗಳು ಚಪ್ಪಲಿಯನ್ನು ಗುರುತಿಸಲು ಬಂದಳು. ಜಪ್ತಿಯಾದ ವಸ್ತು, ಕೊಡಲು ಬರುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಆಕೆ ಅದನ್ನು ತಿರುಗಿಸಿ ನೋಡಿ, ಹೌದು ಅಪ್ಪನದೇ ಎಂದಳು. ಮೇಷ್ಟ್ರು ಏನು ಹೇಳಿದರು ಎಂದು ಕೇಳಿದಳು. ಇನ್ಸ್‌ಪೆಕ್ಟರ್ ಒಂದನ್ನೂ ಬಿಡದೆ ಹೇಳಿದರು, ಅಕ್ಕನ ವಿಷಯವನ್ನೂ ಚೀಟಿಯ ವಿಷಯವನ್ನೂ.

ಆಕೆ ಚಪ್ಪಲಿಯನ್ನು ಬೆಂಚಿನ ಮೇಲಿಟ್ಟಳು.

“ಅಪ್ಪಂಗೂ ಹೆದರಿಕೆ ಇತ್ತು ಸಾರ್,” ಎಂದಳು. “ಆದ್ರೂ ದಿನಾ ಇಳೀತಿದ್ರು.”

ಆಮೇಲೆ ಗುರುತಿಸಿದ್ದಕ್ಕೆ ಸಹಿ ಮಾಡಿ, ಕೆಳಗೆ ತಾರೀಕೂ ಗಂಟೆಯೂ ಹಾಕಿ, ಗುಡ್ಡದ ಮೇಲೆ ಹಾಕಿದ್ದ ವಾರ್ಡಿನ ಮಧ್ಯಾಹ್ನದ ಪಾಳಿಗೆ ಹೊರಟುಹೋದಳು.